ಕಿಯಾರಿನಿ 'ಚಾರಿನೆ' ಆದ ಕತೆ: ಜಪಾನಿ ಮರದಚ್ಚಿನಲ್ಲಿ ವಿದೇಶಿ ಸರ್ಕಸ್

[ದೃಶ್ಯ: ಪಕ್ಕಪಕ್ಕ ಜೋಡಿಸಿದ ಮೂರು ಹಾಳೆಗಳ ಚಿತ್ರ]

ಜಪಾನಿಗೆ ಮೊದಲ ಪಾಶ್ಚಾತ್ಯ ಸರ್ಕಸ್ ತಂದವನು ಅಮೆರಿಕದ ರಿಸ್ಲಿ. 1864ರಲ್ಲಿ, ಯೊಕೊಹಾಮಾ ಬಂದರಿಗೆ. ಆದರೆ ಜನರ ಬಾಯಲ್ಲಿ ಉಳಿದ ಹೆಸರು 1886ರಲ್ಲಿ ಟೋಕಿಯೊಗೆ ಬಂದ ಇಟಲಿಯ ಕಿಯಾರಿನಿಯದು. ಅದು 'ಚಾರಿನೆ' ಆಯ್ತು. ವನಸ್ಪತಿಗೆಲ್ಲ ನಾವು ಡಾಲ್ಡಾ ಅಂದ ಹಾಗೆ, ಅಲ್ಲಿ ಸರ್ಕಸ್ಸಿಗೇ ಚಾರಿನೆ ಅಂದರು. ಮೇಯ್ಜಿ ಚಕ್ರವರ್ತಿಯೂ ಈ ಆಟ ನೋಡಿದ. ಅದನ್ನು ಮರದಚ್ಚಿನ ಚಿತ್ರಕಾರ ಯೋಶೂ ಚಿಕನೋಬು ಮೂರು ಹಾಳೆಗಳಲ್ಲಿ ಚಿತ್ರಿಸಿದ.

[ದೃಶ್ಯ: ಹಾಳೆಯ ಅಂಚು, ಹತ್ತಿರದಿಂದ]

ಇಂಥ ಚಿತ್ರ ಕೈಗೆ ಬಂದರೆ ಕುದುರೆ ಆಮೇಲೆ, ಮೊದಲು ಅಂಚು ನೋಡಿ. ಆ ಕಾಲದ ಎಷ್ಟೋ ಹಾಳೆಗಳಲ್ಲಿ ಪ್ರಕಾಶಕನ ಹೆಸರು, ವಿಳಾಸ, ಸರ್ಕಾರಕ್ಕೆ ತಿಳಿಸಿದ ದಿನಾಂಕ ಅಲ್ಲೇ ಇರುತ್ತವೆ. ಮೇಯ್ಜಿ 19, ಅಂದರೆ ಆ ಚಕ್ರವರ್ತಿಯ ಕಾಲದ 19ನೇ ವರ್ಷ, ಎಂದಿದ್ದರೆ 1867 ಕೂಡಿಸಿ: 1886.

[ದೃಶ್ಯ: ಹಲಗೆ, ಉಳಿ]

ಚಿತ್ರಕಾರ ಬರೆಯುವುದು ತೆಳು ಕಾಗದದ ಮೇಲೆ. ಕೆತ್ತುವವನು ಅದನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆ ಮಾತ್ರ ಉಳಿಸಿ ಸುತ್ತಲಿನ ಮರ ತೆಗೆಯುತ್ತಾನೆ. ಮೂಲ ಚಿತ್ರ ಅಲ್ಲಿಗೆ ಮುಗಿಯಿತು! ಬಣ್ಣಗಳಿಗೆ ಬೇರೆ ಹಲಗೆಗಳು. ಎಲ್ಲದರಲ್ಲೂ ಎರಡು 'ಕೆಂತೊ' ಗುರುತು: ಮೂಲೆಯಲ್ಲೊಂದು ಕೋನ, ಅದೇ ಅಂಚಿನಲ್ಲಿ ಒಂದು ನೇರ ಗೆರೆ. ಹಾಳೆಯನ್ನು ಇವೆರಡಕ್ಕೆ ತಾಗಿಸಿ ಇಟ್ಟರೆ ಬಣ್ಣ ಜಾಗಕ್ಕೆ ಕೂರುತ್ತದೆ.

ಕೆಡುವುದೂ ಇಲ್ಲೇ. ಅಚ್ಚು ಹಾಕುವಾಗ ಕಾಗದ ತುಸು ಒದ್ದೆ ಇರಬೇಕು. ನಡುವೆ ಒಣಗಿದರೆ ಕುಗ್ಗುತ್ತದೆ, ಮುಂದಿನ ಬಣ್ಣ ಗೆರೆಯಿಂದಾಚೆ ಸರಿಯುತ್ತದೆ. ಸವಾರನ ಬಿಗಿ ಉಡುಪಿನ ಅಂಚು, ಕುದುರೆಯ ಲಗಾಮು, ಇಂಥ ಸಣ್ಣ ಜಾಗಗಳಲ್ಲಿ ಅದು ಮೊದಲು ಸಿಕ್ಕಿಬೀಳುತ್ತದೆ. ಮೂರು ಹಾಳೆಗಳಲ್ಲಿ ಒಂದಕ್ಕಷ್ಟೇ ಹೀಗಾದರೆ ಕೂಡುವಲ್ಲಿ ಬಣ್ಣ ಒಂದಕ್ಕೊಂದು ಹೊಂದುವುದೇ ಇಲ್ಲ.

[ದೃಶ್ಯ: ಹಾಳೆಯ ಹಿಂಬದಿ]

ಈಗ ಹಾಳೆ ತಿರುಗಿಸಿ. ಅಚ್ಚು ಹಾಕುವಾಗ ಹಿಂದಿನಿಂದ ಉಜ್ಜುವ ಸಾಧನ 'ಬರೆನ್', ಹುರಿಯ ಸುರುಳಿಗೆ ಬಿದಿರಿನ ಪೊರೆ ಸುತ್ತಿದ ಗುಂಡನೆ ಬಿಲ್ಲೆ. ಅದರ ಸುತ್ತುಸುತ್ತು ಗುರುತು ಬೆಳಕು ಓರೆ ಬಿದ್ದಾಗ ಕಾಣುತ್ತದೆ. ಭೂತಗನ್ನಡಿಯಲ್ಲಿ ಬಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಯಂತ್ರದ ನಕಲು.

ಈ ಚಿತ್ರಗಳಲ್ಲಿ ಕಣ್ಣು ಕುಕ್ಕುವ ಕೆಂಪು ವಿದೇಶದಿಂದ ಬಂದ ಅನಿಲೀನ್ ಎಂಬ ರಾಸಾಯನಿಕ ಬಣ್ಣ. ಎಷ್ಟೋ ಸಲ ಹಿಂಬದಿಗೂ ಇಳಿದಿರುತ್ತದೆ. ನೀರು ತಗುಲಿದರೆ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಬಿಸಿಲು ಬೀಳುವ ಗೋಡೆಗೂ ಬೇಡ, ನೇರಳೆ ಬೇಗ ಮಾಸುತ್ತದೆ.