ಚೀನೀ ಭಾಷೆಯ ಬಿಸಿಲು: ‘ಯಾಙ್‌ಕ್ವಾಙ್’ ಎಲ್ಲಿ ಸರಿ, ಎಲ್ಲಿ ತಪ್ಪು

ಸ್ಕ್ರೀನ್ ಮೇಲೆ ಎರಡು ಅಕ್ಷರ ಕಾಣ್ತಿವೆ ನೋಡಿ: 阳光. ಎರಡಕ್ಕೂ ಆರಾರು ಗೆರೆ. ಮೊದಲನೆಯದು ಯಾಙ್, ಎರಡನೆಯದು ಕ್ವಾಙ್, ಅಂದರೆ ಬೆಳಕು. ಸೇರಿದರೆ ಬಿಸಿಲು.

ರೋಮನ್ ಲಿಪಿಯಲ್ಲಿ ಕ್ವಾಙ್‌ನ ಮೊದಲ ಸದ್ದಿಗೆ ‘ಜಿ’ (g) ಅಕ್ಷರ ಬರುತ್ತೆ, ಹಾಗಾಗಿ ನಮ್ಮವರು ‘ಗ್ವಾಂಗ್’ ಅಂತ ಓದಿಬಿಡ್ತಾರೆ. ಆ ‘ಜಿ’ ನಮ್ಮ ಗ ಅಲ್ಲ. ‘ಕಲ್ಲು’ ಅನ್ನುವಾಗಿನ ಕ, ಉಸಿರು ಚಿಮ್ಮದ ಅಲ್ಪಪ್ರಾಣ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಕಷ್ಟವಾಗೋ ಈ ಸದ್ದು ನಮ್ಮ ಬಾಯಲ್ಲಿ ಆಗಲೇ ಇದೆ! ಕಡೆಯ ಙ್‌ಗೆ ಹೀಗೆ ಮಾಡಿ: ‘ಅಂಗಡಿ’ ಅನ್ನೋಕೆ ಶುರುಮಾಡಿ, ಗ ಬರೋ ಮುಂಚೆ ನಿಲ್ಲಿಸಿ. ಮೂಗಲ್ಲಿ ಉಳಿದ ಸದ್ದೇ ಅದು.

ಇನ್ನು ಸ್ವರದ ಏರಿಳಿತ. ಮಾತು ಕೇಳಿಸದಿದ್ದಾಗ ‘ಹಾಂ?’ ಅಂತೀವಲ್ಲ, ಯಾಙ್ ಹಾಗೆ ಮೇಲೇರಬೇಕು. ಕ್ವಾಙ್ ಎತ್ತರದಲ್ಲೇ ಸಮವಾಗಿ ನಿಲ್ಲಬೇಕು. ಯಾಙ್ ಅನ್ನು ತಗ್ಗಿಸಿ ಎಳೆದರೆ ಅದು ‘ತುರಿಕೆ’ ಆಗುತ್ತೆ.

ಈಗ ಯಾಙ್ ಅಕ್ಷರವನ್ನು ಹತ್ತಿರದಿಂದ ನೋಡೋಣ. ಎಡಕ್ಕೆ ಎರಡು ಗೆರೆಯ ದಿಬ್ಬ, ಬಲಕ್ಕೆ ನಾಲ್ಕು ಗೆರೆಯ ಸೂರ್ಯ. ಅಂದರೆ ಗುಡ್ಡದ ಬಿಸಿಲು ಬೀಳೋ ಮಗ್ಗುಲು. ಚೀನಾದ ಬಹುಭಾಗಕ್ಕೆ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿರ್ತಾನೆ. ಹಾಗಾಗಿ ಬೆಟ್ಟಕ್ಕಾದರೆ ದಕ್ಷಿಣದ ಇಳಿಜಾರು ಯಾಙ್. ಹೊಳೆಗಾದರೆ ಉತ್ತರದ ದಡ, ಯಾಕಂದ್ರೆ ದಕ್ಷಿಣಕ್ಕೆ ಮುಖ ಮಾಡಿರೋದು ಆ ದಡವೇ. ಲ್ವೋ ನದಿಯ ಉತ್ತರಕ್ಕಿರೋ ಊರು ಲ್ವೋಯಾಙ್. ಯಾಂಗ್ಟ್ಸೆಯ ದಕ್ಷಿಣ ದಡದ ಊರಿಗೆ ಜಿಯಾಂಗ್‌ಯಿನ್ ಅಂತ ಹೆಸರು. ‘ಯಿನ್’ ಅಂದರೆ ನೆರಳಿನ ಮಗ್ಗುಲು. ಯಿನ್-ಯಾಙ್ ತತ್ತ್ವದ ಜೋಡಿಗೆ ಬೇರು ಇದೇ ಗುಡ್ಡದ ಬಿಸಿಲು, ನೆರಳು. ನನಗೆ ಈ ಅಕ್ಷರದಲ್ಲಿ ತುಂಬಾ ಇಷ್ಟವಾದದ್ದೂ ಇದೇ.

ಬಳಕೆಗೆ ಬಂದಾಗ ಎಡವೋದು ಎಲ್ಲಿ ಗೊತ್ತಾ? ಕನ್ನಡದ ‘ಬಿಸಿಲು’ ಪದದಲ್ಲಿ ಕಾವೂ ಇದೆ, ಬೆಳಕೂ ಇದೆ. ಯಾಙ್‌ಕ್ವಾಙ್‌ನಲ್ಲಿ ಎದ್ದು ಕಾಣೋದು ಬೆಳಕು. ಬಿಸಿಲು ಕಾಯಿಸೋದಕ್ಕೆ ‘ಷಾಯ್ ಯಾಙ್‌ಕ್ವಾಙ್’ ಅಂದರೆ ಕಿವಿಗೆ ಒಗ್ಗಲ್ಲ. ಅಲ್ಲಿ ‘ಷಾಯ್ ಥಾಯ್‌ಯಾಙ್’ ಅನ್ನಬೇಕು. ಷಾಯ್ ಅಂದರೆ ಬಿಸಿಲಿಗೆ ಒಡ್ಡೋದು. ಥಾಯ್‌ಯಾಙ್ ಅಂದರೆ ಸೂರ್ಯ, ಮಹಾಪ್ರಾಣ ಥ ಬಿಡಬೇಡಿ. ‘ಬಿಸಿಲು ಜೋರಾಗಿದೆ’ ಅನ್ನೋಕೂ ‘ಥಾಯ್‌ಯಾಙ್ ಹನ್ ತಾ’, ಪದಕ್ಕೆ ಪದ ‘ಸೂರ್ಯ ತುಂಬಾ ದೊಡ್ಡದು’. ಬಟ್ಟೆ ಒಣಹಾಕೋದಕ್ಕೂ ಅದೇ ಷಾಯ್, ‘ಷಾಯ್ ಯೀಫು’. ಫೋಟೋ ಹಾಕಿ ಎಲ್ಲರಿಗೂ ತೋರಿಸೋದೂ ಈಗ ಷಾಯ್!

ಹಾಗಾದರೆ ಯಾಙ್‌ಕ್ವಾಙ್ ಎಲ್ಲಿ? ಕಿಟಕಿಯಿಂದ ಕೋಣೆಗೆ ಬೀಳೋ ಎಳೆ ಬಿಸಿಲು, ಎಲೆ ಸಂದಿಯಿಂದ ಇಳಿಯೋ ಕೋಲು ಬಿಸಿಲು, ಗಿಡಕ್ಕೆ ಬೇಕಾದ ಬೆಳಕು, ಇಂಥ ಕಡೆ. ಎಣಿಸುವಾಗ ಒಂದು ಎಳೆಗೆ ‘ಯೀ ಲ್ಯೂ’, ಒಂದು ಕಂತೆಗೆ ‘ಯೀ ಷು’ ಸೇರಿಸಿ.

ಮನುಷ್ಯರಿಗೂ ಇದನ್ನು ಹೇಳ್ತಾರೆ. ‘ಥಾ ಹನ್ ಯಾಙ್‌ಕ್ವಾಙ್’ ಅಂದರೆ ಆತ ಲವಲವಿಕೆಯ, ತೆರೆದ ಮನಸ್ಸಿನವನು. ಹೆಚ್ಚಾಗಿ ಚಿಕ್ಕ ವಯಸ್ಸಿನವರಿಗೆ. ಸರ್ಕಾರಿ ಖರೀದಿಯ ಮುಂದೆ ಈ ಪದ ಬಂದರೆ ಪಾರದರ್ಶಕ ಅಂತ ಅರ್ಥ. ಆದರೆ ಕ್ವಾಙ್ ಬಿಟ್ಟು ‘ಥಾ ಯಾಙ್ ಲ’ ಅನ್ನಬೇಡಿ: 2022ರ ಕೊನೆಯಲ್ಲಿ ಚೀನಾದಲ್ಲೆಲ್ಲ ಕೇಳಿಬಂದ ಮಾತದು, ಆತನಿಗೆ ಕೋವಿಡ್ ಪಾಸಿಟಿವ್ ಬಂದಿದೆ ಅಂತ.