ಗೋವಾದ ಸೆಕೆಯಲ್ಲಿ ಸಿಂಗಲ್ ಮಾಲ್ಟ್: ಪೀಪಾಯಿಯಿಂದ ಹಾರಿಹೋಗೋದು ಎಷ್ಟು?

[ಪರದೆ: ಪೀಪಾಯಿಯ ಬಿರಡೆ, ಹತ್ತಿರದಿಂದ]

ನಿರೂಪಣೆ: ಕಾರವಾರದಿಂದ ಪೋಳೆ ಚೆಕ್‌ಪೋಸ್ಟ್ ದಾಟಿ ಮಡಗಾಂವ್ ಕಡೆ ಹೊರಟರೆ ದಾರೀಲಿ ಕುಂಕೋಳಿ ಸಿಗುತ್ತೆ. ಪಾಲ್ ಜಾನ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಮಾಡೋ ವಿಸ್ಕಿ) ತಯಾರಾಗೋದು ಅಲ್ಲೇ; 2012ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಮಾತ್ರ ಲಂಡನ್ನಿನಲ್ಲಿ. ನಮ್ಮ ಬೆಂಗಳೂರಿನ ಜಗದಾಳೆ ಮನೆತನದ ಅಮೃತ್ ಕೂಡ 2004ರಲ್ಲಿ ಗ್ಲಾಸ್ಗೋಗೇ ಮೊದಲು ಹೋಗಿತ್ತು. ಇಂಥ ಬಾಟಲಿಗಳ ಮೇಲೆ '12 ವರ್ಷ' ಅನ್ನೋ ಅಂಕಿ, ಅಂದರೆ ಪೀಪಾಯಿಯಲ್ಲಿ ಕಳೆದ ವಯಸ್ಸು, ಅಪರೂಪ. ಯಾಕೆ?

[ಪರದೆ: ತಾಮ್ರದ ಭಟ್ಟಿ]

ಮೊದಲ ಭಾಗ ಬೇಗ ಮುಗಿಸೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, 64 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ನೆನೆಸ್ತಾರೆ. 70 ದಾಟಿದರೆ ಪಿಷ್ಟವನ್ನು ಸಕ್ಕರೆ ಮಾಡೋ ಕಿಣ್ವ ಸಾಯುತ್ತೆ. ಆಮೇಲೆ ಆ ಸಕ್ಕರೆಯನ್ನು ಮದ್ಯ ಮಾಡೋ ಯೀಸ್ಟ್. ಟ್ಯಾಂಕ್ ತಣ್ಣಗಿಡದಿದ್ದರೆ ಗೋವಾದ ಏಪ್ರಿಲ್‌ನಲ್ಲಿ ಅದೂ ಕೈಕೊಡುತ್ತೆ. ಎರಡು ಸಲ ಭಟ್ಟಿ ಇಳಿಸಿ, ಎರಡನೇ ಸಲದ ಮೊದಲ ಧಾರೆ, ಕೊನೆ ಧಾರೆ ಬಿಟ್ಟು ನಡುವಿನದನ್ನಷ್ಟೇ ಪೀಪಾಯಿಗೆ ತುಂಬ್ತಾರೆ, ಸುಮಾರು ಶೇ 63 ಆಲ್ಕೋಹಾಲ್ ಇರೋ ಹಾಗೆ.

[ಪರದೆ: ಲೆಕ್ಕ]

ಇನ್ನು ಗೋದಾಮು. ಮೊದಲು ಬೋರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ 200 ಲೀಟರಿನ ಪೀಪಾಯಿ ತಗೊಳ್ಳಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ 2 ಆವಿಯಾಗುತ್ತೆ. 12 ವರ್ಷದ ಮೇಲೂ 157 ಲೀಟರ್ ಉಳಿಯುತ್ತೆ. ಗೋವಾದಲ್ಲಿ ಶೇ 8 ಅಂತ ಹಿಡಿದರೆ 5 ವರ್ಷಕ್ಕೆ 132, 12 ವರ್ಷಕ್ಕೆ ಬರೀ 74. ಹತ್ತಾರು ಪೀಪಾಯಿ ಇಟ್ಟ ಮನೆತನದ ಸಣ್ಣ ಡಿಸ್ಟಿಲರಿಗೆ ಇದು ಬಂಡವಾಳವೇ ಗಾಳಿಗೆ ಹೋದಂತೆ. ಹೋಗಲಿ ಅಂತ ಕಾದರೂ ಲಾಭವಿಲ್ಲ. ಸೆಕೆಗೆ ಓಕ್ ಮರದ ಸಾರ ಬೇಗ ಇಳಿದು, ರುಚಿ ಒಗರಾಗಿ, ಬಾರ್ಲಿ ಕಾಣೆಯಾಗುತ್ತೆ.

ಸೋರಿಕೆ ಬೇರೆ. ಅಮೆರಿಕದಿಂದ ಖಾಲಿ ಬರೋ ಪೀಪಾಯಿ ಹಡಗಲ್ಲೇ ಒಣಗಿ ಹಲಗೆ ಬಿಟ್ಟುಕೊಂಡಿರುತ್ತೆ. ಮದ್ಯ ತುಂಬೋ ಮುಂಚೆ ಒಂದೆರಡು ದಿನ ನೀರು ತುಂಬಿಟ್ಟು ಮರ ಉಬ್ಬಿಸಲೇಬೇಕು. ಆಮೇಲೂ ಒಸರಿದರೆ ಮುಚ್ಚಳದ ಹಲಗೆಗಳ ನಡುವೆ ಒಣ ಜೊಂಡು ತುರುಕ್ತಾರೆ. ಅಟ್ಟದ ಮೇಲಿನ ಸಾಲು ಹೆಚ್ಚು ಬಿಸಿಯಾಗುತ್ತೆ. ಹಾಗಾಗಿ ಅಳತೆ ಕೋಲು ಮೊದಲು ಇಳಿಯಬೇಕಾದ್ದು ಅಲ್ಲಿಗೆ.

[ಪರದೆ: ಗ್ಲಾಸಿಗೆ ಐಸ್]

ಕೊನೆಗೆ ಬಾಟಲಿ. ಶೇ 46ಕ್ಕೆ ನೀರು ಬೆರೆಸಿ, ತಣಿಸಿ ಸೋಸದೆ ತುಂಬಿದ ಮಾಲ್ಟ್‌ನಲ್ಲಿ ಕೊಬ್ಬಿನ ಅಂಶ ಹಾಗೇ ಇರುತ್ತೆ. ಐಸ್ ಹಾಕಿದಾಗ ಸ್ವಲ್ಪ ಮಂಜಾದರೆ ಅದು ಇದೇ. ನಕಲಿ ಮಾಲು ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಬೇಡಿ.