ಅವರ ‘ಹೈ’, ನಮ್ಮ ‘ನೋಡೋಣ’

ಕೇಳುಗರೇ, ನಮಸ್ಕಾರ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಬಿಡಿಭಾಗ ಕೊಳ್ಳುವ ಮಾತಿಗೆ ಜಪಾನಿನವರು ಬಂದಿದ್ದರು. ನಮ್ಮ ಯಜಮಾನರು ಒಂದಕ್ಕೆ 84 ರೂಪಾಯಿ ಅಂದರು. ಎದುರು ಕೂತಿದ್ದ ಹಿರಿಯರು ಕಣ್ಣು ಮುಚ್ಚಿಕೊಂಡರು. ಮಾತಿಲ್ಲ, ಫ್ಯಾನಿನ ಸದ್ದು ಮಾತ್ರ. ಅರ್ಧ ನಿಮಿಷವೂ ಆಗಿರಲಿಲ್ಲ, ನಮ್ಮವರಿಗೆ ತಡೆಯಲಾಗಲಿಲ್ಲ. “80ಕ್ಕೆ ಕೊಡೋಣ” ಅಂದುಬಿಟ್ಟರು. ಆಗಲೂ ಅವರು ಸುಮ್ಮನೆ. “ಹೋಗ್ಲಿ, 78.” ಯಾರೂ ಕೇಳದೆ ಆರು ರೂಪಾಯಿ ಹೋಯಿತು.

ಊಟದ ಹೊತ್ತಿಗೆ ಅವರ ದುಭಾಷಿ ನನಗೆ ಮೆಲ್ಲಗೆ ಹೇಳಿದರು: “ಅವರು ಯೋಚಿಸ್ತಾ ಇದ್ರು, ಅಷ್ಟೇ.” ಎದುರಿನವರ ಮಾತಿಗೆ ತಟ್ಟನೆ ಉತ್ತರ ಕೊಡದೆ ತುಸು ಹೊತ್ತು ಸುಮ್ಮನಿರುವುದು ಅವರಲ್ಲಿ ಮರ್ಯಾದೆ. ನಮಗೋ, ಮೌನ ಅಂದರೆ ಮುನಿಸು.

ಅವರ ‘ಹೈ’ ಕೂಡ ಹಾಗೇ. ಅದಕ್ಕೆ ಹೌದು ಅಂತಲೇ ಅರ್ಥ. ಆದರೆ ಮಾತಿನ ನಡುನಡುವೆ ಬಂದರೆ ‘ಕೇಳಿಸ್ಕೊಳ್ತಿದ್ದೀನಿ, ಹೇಳಿ’ ಅಂತ. ‘ಕೆಂತೋ ಶಿಮಾಸು’, ಅಂದರೆ ಪರಿಶೀಲಿಸುತ್ತೇವೆ ಅಂದರೆ, ಹೆಚ್ಚಿನ ಸಲ ಅದು ಆಗದ ಕೆಲಸ. ಇದು ನಮಗೆ ಹೊಸದೇನಲ್ಲ, ಅಲ್ವಾ? ಸಾಲ ಕೇಳಲು ಬಂದ ನೆಂಟರಿಗೆ ನಾವೂ ‘ನೋಡೋಣ’ ಅಂತಲೇ ಹೇಳುತ್ತೇವೆ.

1969ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್, ಜವಳಿ ರಫ್ತು ತಗ್ಗಿಸಿ ಎಂದು ಜಪಾನಿನ ಪ್ರಧಾನಿ ಸಾತೋ ಅವರನ್ನು ಕೇಳಿದರು. ಸಾತೋ ‘ಝೆನ್ಶೋ ಶಿಮಾಸು’ ಅಂದರಂತೆ. ಕೈಲಾದಷ್ಟು ನೋಡುತ್ತೇನೆ ಎಂಬಂಥ ಮಾತು. ನಿಕ್ಸನ್ ಅದನ್ನು ಮಾತು ಕೊಟ್ಟಂತೆ ಎಂದುಕೊಂಡರು. ಜವಳಿಯ ಜಗಳ 1971ರವರೆಗೆ ಎಳೆಯಿತು.

ನಮ್ಮ ವ್ಯವಹಾರಕ್ಕೆ ಬರೋಣ. ಮೂರು ತಿಂಗಳಾದರೂ ಉತ್ತರವಿಲ್ಲ. ಅಲ್ಲಿ ‘ನೆಮವಾಶಿ’ ನಡೆಯುತ್ತಿತ್ತು. ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಹದ ಮಾಡುವುದಕ್ಕೆ ಇರುವ ಹೆಸರು ಅದು. ಕಚೇರಿಯಲ್ಲೂ ಹಾಗೇ, ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಕಂಡು ಒಪ್ಪಿಸುತ್ತಾರೆ. ಆಮೇಲೆ ‘ರಿಂಗಿ’ ಎಂಬ ಒಪ್ಪಿಗೆಯ ಕಾಗದ ಮೇಜಿನಿಂದ ಮೇಜಿಗೆ ಹೋಗಿ ಎಲ್ಲರ ಮುದ್ರೆ ಬೀಳಬೇಕು. ನಾವು ದಿನಾ ಫೋನ್ ಮಾಡಿ “ಏನಾಯ್ತು ಸಾರ್?” ಅನ್ನುತ್ತಿದ್ದೆವು. ಈಗ ನೆನೆದರೆ ಬೇಸರವಾಗುತ್ತದೆ. ಒಮ್ಮೆ ಒಪ್ಪಿಗೆ ಬಂದ ಮೇಲೆ ಅವರ ಕಡೆಯಿಂದ ಒಂದು ದಿನವೂ ತಡವಾಗಲಿಲ್ಲ.

ಕರಾರಿನ ಕರಡಿನಲ್ಲಿ ಒಂದು ಸಾಲಿತ್ತು: ಇಲ್ಲಿ ಬರೆಯದ ವಿಷಯ ಬಂದರೆ ಎರಡೂ ಕಡೆಯವರು ಒಳ್ಳೆಯ ಮನಸ್ಸಿನಿಂದ ಕೂತು ಮಾತಾಡಿ ಬಗೆಹರಿಸಿಕೊಳ್ಳುವುದು. ಜಪಾನಿನ ಕರಾರುಗಳಲ್ಲಿ ಇದು ಮಾಮೂಲು. ನಮ್ಮ ವಕೀಲರು “ಇದು ಕೋರ್ಟಲ್ಲಿ ನಿಲ್ಲುತ್ತಾ?” ಅಂದರು. ಅವರ ಚಿಂತೆ ಸುಳ್ಳಲ್ಲ. ದೇಶದೇಶಗಳ ನಡುವಿನ ಸರಕು ಮಾರಾಟದ 1980ರ ವಿಯೆನ್ನಾ ಒಪ್ಪಂದ ಜಪಾನಿಗೆ 2009ರಿಂದ ಅನ್ವಯ, ಭಾರತ ಅದಕ್ಕೆ ಸೇರಿಲ್ಲ. ಯಾವ ದೇಶದ ಕಾನೂನು ಅಂತ ಬರೆಯದೆ ಬಿಟ್ಟರೆ ಮುಂದೆ ಅದೇ ದೊಡ್ಡ ತಕರಾರು. ಅದನ್ನೂ ಬರೆಸಿದೆವು, ಆ ಸಾಲನ್ನೂ ಉಳಿಸಿಕೊಂಡೆವು.

ಮರುವರ್ಷ ಉಕ್ಕಿನ ಬೆಲೆ ಏರಿತು. ಯಜಮಾನರು ಅದೇ ಸಾಲಿನ ಮೇಲೆ ಬೆರಳಿಟ್ಟು, “78ಕ್ಕೆ ಆಗ್ತಾ ಇಲ್ಲ, 85 ಬೇಕು” ಅಂದರು. ಹಿರಿಯರು ಕಣ್ಣು ಮುಚ್ಚಿಕೊಂಡರು. ಮತ್ತೆ ಅದೇ ಫ್ಯಾನಿನ ಸದ್ದು. ಈ ಸಲ ನಮ್ಮ ಯಜಮಾನರು ಟೀ ಲೋಟ ಕೈಗೆತ್ತಿಕೊಂಡು, ಸುಮ್ಮನೆ ಕೂತರು.